ಗಾಜಿನೊಳಗಿನ ಮೇಡಮ್ಮು

ಇಂಗ್ಲಿಷಿಗೂ ನನಗೂ ಇರುವುದು ದಾಯಾದಿ ಸಂಬಂಧ. ಒಂದೇ ಮನೆಯಲ್ಲಿ ವಾಸ, ಆದರೆ ಮಾತುಕತೆಯಿಲ್ಲ. ಪರೀಕ್ಷೆಯ ಕಾಲದಲ್ಲಿ ಪಂಚಾಯಿತಿ ಸೇರಿ, 35 ಅಂಕಗಳಿಗೆ ರಾಜಿಯಾಗಿ, ಮತ್ತೆ ಮುಖ ತಿರುಗಿಸಿಕೊಂಡು ಹೋಗುತ್ತೇವೆ. ಇಂಥ ನಾನು ಕಳೆದ ರಜೆಯಲ್ಲಿ ಇಂಗ್ಲಿಷ್ ಮೇಷ್ಟರಾಗಿದ್ದೆನೆಂದರೆ ಸಹಪಾಠಿಗಳು ನಕ್ಕಾರು. ನಮ್ಮ ಅಧ್ಯಾಪಕರು ಈ ಪುಟವನ್ನು ಎರಡು ಸಲ ಓದಿಯಾರು. ಆದರೂ ನಡೆದದ್ದನ್ನು ನಡೆದಂತೆ ಹೇಳಿಬಿಡುತ್ತೇನೆ.

ನನಗಿದ್ದ ಶಿಷ್ಯೆ ಒಬ್ಬಳೇ. ಅಕ್ಕನ ಮಗಳು ಪುಟ್ಟಿ, ವಯಸ್ಸು ಆರು. ಅಕ್ಕ ಗಾರ್ಮೆಂಟ್ಸಿಗೆ ಹೋಗುವವಳು. ಬೆಳಗಿನ ಬಸ್ಸು ಹತ್ತಿದರೆ ದೀಪ ಹಚ್ಚುವ ಹೊತ್ತಿಗೇ ಮನೆ ಸೇರುವುದು. ಸರ್ಕಾರಿ ಶಾಲೆಗಳಲ್ಲಿ ಒಂದನೆಯ ತರಗತಿಯಿಂದಲೇ ಇಂಗ್ಲಿಷ್ ಕಲಿಸುವ ಏರ್ಪಾಡು 2007ರಲ್ಲೇ ಬಂದಿದ್ದರೂ ಅಕ್ಕನಿಗೆ ಅದು ಸಾಲದು. “ದೊಡ್ಡ ಆಫೀಸಿನವರು ಬಂದು ಇಂಗ್ಲಿಷ್‌ನಲ್ಲಿ ಏನೋ ಕೇಳಿದಾಗ ನಾನು ಬೊಂಬೆ ಹಾಗೆ ನಿಲ್ತೀನಲ್ಲ, ಇವಳು ಹಾಗೆ ನಿಲ್ಲಬಾರದು ಕಣೋ” ಎಂಬುದು ಅವಳ ಹಟ. ಓವರ್‌ಟೈಮಿನ ದುಡ್ಡು ಕೂಡಿಟ್ಟು ಒಂದು ಹಳೆಯ ಮೊಬೈಲನ್ನು ಕೊಂಡಳು. ಅದರೊಳಗೆ ಬರುವ ವಿಡಿಯೋ ಪಾಠಗಳಿಗೆ ಒಂದು ವರ್ಷದ ಹಣವನ್ನೂ ಕಟ್ಟಿದಳು.

ಮೊದಲ ವಾರ ಮನೆಯಲ್ಲಿ ಹಬ್ಬವೋ ಹಬ್ಬ. ಗಾಜಿನೊಳಗೆ ನಗುಮುಖದ ಮೇಡಮ್ಮೊಬ್ಬರು ಬಣ್ಣಬಣ್ಣದ ಕೊಡೆ ಬಿಚ್ಚಿ “ವಾಟ್ ಈಸ್ ದಿಸ್?” ಎನ್ನುವರು. ಕಣ್ಣರಳಿಸಿ ಮೂರು ಗಳಿಗೆ ಕಾಯುವರು. ಪುಟ್ಟಿ “ಅಂಬ್ರೆಲ್ಲಾ!” ಎಂದು ಕೂಗುವಳು. “ವೆರಿ ಗುಡ್!” ಎಂದು ಅವರು ಚಪ್ಪಾಳೆ ತಟ್ಟುವರು. ಅಮ್ಮ ಒಳಗಿನಿಂದ ಬಂದು ಮೊಮ್ಮಗಳ ದೃಷ್ಟಿ ತೆಗೆಯುವಳು.

ಒಂದು ದಿನ ಕೊಡೆ ಬಂದಾಗ ಪುಟ್ಟಿಯ ಬಾಯ್ತುಂಬ ಮಂಡಕ್ಕಿ ಇತ್ತು. ಉತ್ತರ ಹೇಳಲಾಗಲಿಲ್ಲ. ಮೇಡಮ್ಮು “ವೆರಿ ಗುಡ್!” ಎಂದರು. ಪುಟ್ಟಿ ಮಂಡಕ್ಕಿ ನುಂಗಿ, ಪಾಠವನ್ನು ಹಿಂದಕ್ಕೆ ತಳ್ಳಿ, ಈ ಸಲ ಬೇಕೆಂದೇ “ನಾಯಿ” ಎಂದಳು. “ವೆರಿ ಗುಡ್!” “ನಿಮ್ಮಜ್ಜಿ” ಎಂದಳು. ಅದಕ್ಕೂ “ವೆರಿ ಗುಡ್!” ಹೊಟ್ಟೆ ಹಿಡಿದುಕೊಂಡು ನಕ್ಕಳು. ಆಮೇಲೆ ಸಪ್ಪಗಾಗಿ, “ಮಾವ, ಪಾಪ, ಅವರಿಗೆ ಕಿವಿ ಕೇಳ್ಸಲ್ವಾ?” ಎಂದು ಕೇಳಿದಳು.

ಮಾರನೆಯ ದಿನದಿಂದ ಅವಳು ಉತ್ತರ ಹೇಳುವುದನ್ನು ಬಿಟ್ಟಳು. ಗಾಜಿನ ಮುಂದೆ ಕೂರುತ್ತಿದ್ದಳು. ಕಣ್ಣು ಅಲ್ಲೇ ಇರುತ್ತಿತ್ತು. ಬಾಯಿ ಮಾತ್ರ ಮುಚ್ಚಿರುತ್ತಿತ್ತು. ನನಗೆ ನನ್ನದೇ ನೆನಪಾಯಿತು. 2020ರಲ್ಲಿ ಶಾಲೆಗಳು ಮುಚ್ಚಿದ್ದಾಗ ನಾನು ಹತ್ತನೆಯ ತರಗತಿ. ದೂರದರ್ಶನ ಚಂದನದಲ್ಲಿ ಬರುತ್ತಿದ್ದ ಪಾಠಗಳ ಮುಂದೆ ನಾನೂ ಹೀಗೆಯೇ ಕೂತಿದ್ದೆ. ಮೇಷ್ಟರು ಚೆನ್ನಾಗಿಯೇ ಹೇಳಿದರು. ಆದರೆ “ಅರ್ಥವಾಗಲಿಲ್ಲ ಸಾರ್” ಎಂದು ನಾನು ಅಂದದ್ದು ಗೋಡೆಗೆ ಮಾತ್ರ ಕೇಳಿಸಿತು. ಅಂದು ಮುಚ್ಚಿದ ಬಾಯಿ ಕಾಲೇಜಿಗೆ ಬಂದರೂ ತೆರೆದಿರಲಿಲ್ಲ.

ಪಾಠದ ಸಂಸ್ಥೆಗೆ ಫೋನು ಮಾಡಿದೆ. ಮೇಡಮ್ಮು ಎದುರೆದುರಾಗಿ ಮಾತಾಡುವ ಪಾಠವೂ ಉಂಟಂತೆ, ಅದಕ್ಕೆ ಬೇರೆ ದುಡ್ಡಂತೆ. ಅಕ್ಕನ ಮುಖ ನೆನೆದು ಫೋನಿಟ್ಟೆ. ಕಡೆಗೆ ಅದೇ ಗಾಜಿನಲ್ಲಿ ಹುಡುಕುತ್ತ ಎರಡು ಪ್ರಯೋಗಗಳ ಸಂಗತಿ ಓದಿದೆ. 2003ರಲ್ಲಿ ಅಮೆರಿಕದ ಪೆಟ್ರೀಷಿಯಾ ಕೂಲ್ ಎಂಬ ವಿದುಷಿಯೂ ಸಂಗಡಿಗರೂ ಒಂದನ್ನು ಪ್ರಕಟಿಸಿದರು. ಒಂಬತ್ತು ತಿಂಗಳ ಕೂಸುಗಳ ಎದುರಿಗೆ ಚೀನೀ ಭಾಷೆಯವರು ಕುಳಿತು, 25 ನಿಮಿಷದಂತೆ 12 ಸಲ ಮಾತಾಡಿಸಿದರು. ಬೇರೊಂದು ಗುಂಪಿಗೆ ಅದನ್ನೇ ಪರದೆಯ ಮೇಲೆ ತೋರಿಸಿದರು. ಎದುರಿಗೆ ಕೇಳಿದ ಕೂಸುಗಳಿಗೆ ಚೀನೀ ಧ್ವನಿಗಳ ಭೇದ ದಕ್ಕಿತು. ಪರದೆಯ ಮುಂದಿನವಕ್ಕೆ ದಕ್ಕಲಿಲ್ಲ. ಇನ್ನೊಂದು 2014ರದು. ಎರಡು, ಎರಡೂವರೆ ವರ್ಷದ ಮಕ್ಕಳು ಮೊದಲೇ ತೆಗೆದಿಟ್ಟ ವಿಡಿಯೋದಿಂದ ಹೊಸ ಪದ ಕಲಿಯಲಿಲ್ಲ. ಆದರೆ ಪರದೆಯೊಳಗಿನವರು ತಮ್ಮ ಮಾತಿಗೆ ಮಾರುತ್ತರ ಕೊಟ್ಟಾಗ ಕಲಿತರು. ಪುಟ್ಟಿ ಆ ಕೂಸುಗಳಿಗಿಂತ ದೊಡ್ಡವಳು. ಒಂದಕ್ಕೊಂದು ತಾಳೆ ಹಾಕುವುದು ಸರಿಯಲ್ಲ. ಆದರೂ ನನಗೊಂದು ಹೊಳೆಯಿತು: ತಪ್ಪು ಗಾಜಿನದಲ್ಲ. ಅದರ ಆಚೆಯೋ ಈಚೆಯೋ ಒಂದು ಜೊತೆ ಕಿವಿ ಬೇಕು.

ಆ ಕಿವಿಗಳು ನನ್ನಲ್ಲಿದ್ದವು. ಮರುದಿನ ಪುಟ್ಟಿಯ ಪಕ್ಕದಲ್ಲಿ ಚಾಪೆಯ ಮೇಲೆ ಕುಳಿತೆ. ಮೇಡಮ್ಮು “ವಾಟ್ ಈಸ್ ದಿಸ್?” ಎಂದೊಡನೆ ಬೆರಳೊತ್ತಿ ಅವರನ್ನು ನಿಲ್ಲಿಸಿಬಿಟ್ಟೆ. ಅವರು ಬಾಯಿ ತೆರೆದಂತೆಯೇ ನಿಂತರು. “ಹೇಳು” ಎಂದೆ. ಪುಟ್ಟಿ ನನ್ನನ್ನು ನೋಡಿ ಮೆಲ್ಲನೆ “ನಾಯಿ” ಎಂದಳು. “ಅಲ್ಲ” ಎಂದೆ. ಅವಳ ಮುಖ ಅರಳಿದ್ದನ್ನು ನೀವು ನೋಡಬೇಕಾಗಿತ್ತು!

ಅಲ್ಲಿಂದ ಪಾಠ ಸಾಗಿತು. ನನ್ನ ಬಂಡವಾಳವೂ ಬೇಗ ಬಯಲಾಯಿತು. “ಮಾವ, ಇಸ್ಕೂಲ್ ಅಲ್ಲ, ಸ್ಕೂಲ್” ಎಂದು ಪುಟ್ಟಿ ತಿದ್ದಿದಳು. ಉಚ್ಚಾರದಲ್ಲಿ ಮೇಡಮ್ಮಿಗೆ ನಾನು ಸಮನಲ್ಲ. ಅದನ್ನು ಅವರಿಗೇ ಬಿಟ್ಟೆ. ಅವರು ಬಾಯಿ ಕೊಟ್ಟರು, ನಾನು ಕಿವಿ ಕೊಟ್ಟೆ. ಗಾಜಿನೊಳಗೆ ಹಿಮದ ಬೊಂಬೆ ಬಂದ ದಿನ ಅದನ್ನು ಹಾಗೇ ಬಿಟ್ಟು ಕೊಟ್ಟಿಗೆಗೆ ಹೋದೆವು. “ಕೌ, ಕಮ್!” ಎಂದಳು ಪುಟ್ಟಿ. ಹಸು ಅಲುಗಲಿಲ್ಲ. “ಬಾರೇ ಗೌರಿ” ಎಂದಾಗ ಮೂತಿ ಚಾಚಿತು. “ಗೌರಿಗೆ ಇಂಗ್ಲಿಷ್ ಬರಲ್ಲ ಮಾವ” ಎಂದಳು. “ನನಗೂ ಅಷ್ಟೆ, ಇಬ್ಬರಿಗೂ ಹೇಳಿಕೊಡು” ಎಂದೆ.

ರಜೆ ಮುಗಿದು ನಾನು ಹೊರಟಾಗ ಅಕ್ಕನಿಗೆ ಚಿಂತೆಯಾಯಿತು. ಈಗ ಚಾಪೆಯ ಮೇಲೆ ಅಮ್ಮ ಕೂರುತ್ತಾಳಂತೆ. ಓದು ಬಾರದ ಅಮ್ಮ ಬೆರಳೊತ್ತಿ ಮೇಡಮ್ಮನ್ನು ನಿಲ್ಲಿಸಿ, “ಏನಂತೆ ಅದು?” ಎನ್ನುತ್ತಾಳಂತೆ. ಪುಟ್ಟಿ ಇಂಗ್ಲಿಷಿನಲ್ಲಿ ಒಮ್ಮೆ, ಕನ್ನಡದಲ್ಲಿ ಒಮ್ಮೆ ಹೇಳಿ, ಅಜ್ಜಿಯಿಂದಲೂ ಹೇಳಿಸುವಳಂತೆ.

ನನ್ನ ವಿಷಯವನ್ನೂ ಹೇಳಿ ಮುಗಿಸುತ್ತೇನೆ. ಕಾಲೇಜು ತೆರೆದ ವಾರ ಇಂಗ್ಲಿಷ್ ತರಗತಿಯಲ್ಲಿ ಅಧ್ಯಾಪಕರು ಒಂದು ಪ್ರಶ್ನೆ ಕೇಳಿ ಕಾದರು. ಹಿಂದೆಲ್ಲ ಆ ಹೊತ್ತಿಗೆ ನಾನು ಪೆನ್ನಿನ ಮುಚ್ಚಳ ಹುಡುಕುತ್ತಿದ್ದೆ. ಆ ದಿನ ಎದ್ದು ನಿಂತು, ತೊದಲುತ್ತ, ಒಂದು ವಾಕ್ಯ ಹೇಳಿದೆ. “ತಪ್ಪು. ಇನ್ನೊಂದು ಸಲ ಹೇಳು ನೋಡೋಣ” ಎಂದರು. ಹಿಂದಿನ ಬೆಂಚಿನವರು ನಕ್ಕರು. ನಾನು ಇನ್ನೊಂದು ಸಲ ಹೇಳಿದೆ.