ಗಡಿ ದಾಟಿದ ಖಾರಾ ಬನ್ನು

ಹೊಸೂರಿನ ನಮ್ಮ ಬಡಾವಣೆಯಲ್ಲಿ ಹೊಸದಾಗಿ ತೆರೆದ ಕಾಫಿ-ಬೇಕರಿಗೆ ಮೊನ್ನೆ ಸಂಸಾರಸಮೇತರಾಗಿ ಹೋಗಿದ್ದೆವು. ಕಾಫಿ ಹದವಾಗಿತ್ತು, ರಾಗಿ ಬಿಸ್ಕತ್ತು ಗರಿಗರಿಯಾಗಿತ್ತು, ಖಾರಾ ಬನ್ನಿಗೆ ಮಾತ್ರ ಇನ್ನಷ್ಟು ಹಸಿಮೆಣಸಿನಕಾಯಿ ಸಲ್ಲಬೇಕಿತ್ತು. ಹಾಸನ ಸೀಮೆಯ ತಿರುಮಲಾಚಾರ್ಯರು 1898ರಲ್ಲಿ ಬೆಂಗಳೂರಿನ ಚಿಕ್ಕಪೇಟೆಯಲ್ಲಿ ತೆರೆದ ಬೇಕರಿಯಿಂದ ಮೊದಲಾದ ಅಯ್ಯಂಗಾರ್ ಬೇಕರಿಗಳ ರುಚಿ ಗಡಿಯನ್ನು ಲೆಕ್ಕಿಸದೆ ನಮ್ಮಲ್ಲಿಗೂ ಬಂದಿದೆ.

ಭಾಷೆಯ ಪಾಡು ಅಷ್ಟು ಸಲೀಸಲ್ಲ. 2006ರ ಕಾಯಿದೆಯಂತೆ ತಮಿಳುನಾಡಿನ ಶಾಲೆಗಳಲ್ಲಿ ತಮಿಳು ಕಲಿಕೆ ಹಂತಹಂತವಾಗಿ ಕಡ್ಡಾಯವಾಯಿತು; ನಮ್ಮ ಮಕ್ಕಳು ಅದನ್ನು ಚೆನ್ನಾಗಿ ಕಲಿತಿರುವುದು ಸಂತೋಷವೇ. ಅಂದು ಮಗಳು ತಮಿಳಿನಲ್ಲಿಯೇ ಬನ್ನು ಕೇಳಿದಳು. ಅಂಗಡಿಯ ಹುಡುಗ ನಮ್ಮ ಮನೆಮಾತನ್ನು ಆಲಿಸಿ, “ಇನ್ನೇನು ಬೇಕು?” ಎಂದು ಕನ್ನಡದಲ್ಲಿ ವಿಚಾರಿಸಿದ. ಅವಳೂ ಕನ್ನಡಕ್ಕೆ ತಿರುಗಿದಳು. ಪಾಠದಲ್ಲಿ ದೊರೆಯದ ಕನ್ನಡ ಪೇಟೆಯಲ್ಲಾದರೂ ಉಳಿಯಬೇಕಾದರೆ, ಮೊದಲ ಮಾತನ್ನು ನಾವೇ ಆಡಬೇಕು.