ಅಕ್ಟೋಬರಿನ ಒಂದೊಂದು ಪಾಯಿಂಟು

ರಣಜಿ ಟ್ರೋಫಿ ನೋಡುವವರಲ್ಲಿ ಎರಡು ಜಾತಿ. ಸೆಮಿಫೈನಲ್ ಬಂದಾಗ ಎದ್ದು ಕೂರುವವರು ಒಂದು. ಅಕ್ಟೋಬರಿನಲ್ಲೇ ಪೆನ್ನು ಹಿಡಿದು ಪಾಯಿಂಟು ಲೆಕ್ಕ ಹಾಕುವವರು ಇನ್ನೊಂದು. ನಾನು ಎರಡನೇ ಜಾತಿ ಮಾರಾಯ್ರೆ. ಡೊಂಬಿವಲಿ ಎಂಐಡಿಸಿಗೆ ಬಂದು ಇಷ್ಟು ವರ್ಷ ಆದರೂ ಅಕ್ಟೋಬರ್ ಬಂತೆಂದರೆ ಬೆರಳು ತಾನಾಗಿ ಮೊಬೈಲಿನಲ್ಲಿ ಕರ್ನಾಟಕದ ಸ್ಕೋರು ಹುಡುಕುತ್ತದೆ.

ಲೆಕ್ಕ ಸುಲಭ. ಪೂರ್ತಿ ಗೆದ್ದರೆ 6. ಇನ್ನಿಂಗ್ಸ್ ಅಂತರದಿಂದಲೋ 10 ವಿಕೆಟ್‌ನಿಂದಲೋ ಗೆದ್ದರೆ 7. ಡ್ರಾ ಆದರೆ ಮೊದಲ ಇನ್ನಿಂಗ್ಸಿನಲ್ಲಿ ಮುಂದಿದ್ದವರಿಗೆ 3, ಹಿಂದಿದ್ದವರಿಗೆ 1. ಮೊದಲ ಇನ್ನಿಂಗ್ಸೇ ಮುಗಿಯದಿದ್ದರೆ ಇಬ್ಬರಿಗೂ ಒಂದೊಂದು. ಮಳೆಗಾಲದ ಬಾಲ ಇನ್ನೂ ಅಲ್ಲಾಡುತ್ತಿರುವ ಅಕ್ಟೋಬರಿನಲ್ಲಿ ಈ ಒಂದೊಂದು ಪಾಯಿಂಟಿನದೇ ರಗಳೆ.

2024-25ರ ಸೀಸನ್ ಶುರುವಾದದ್ದು ಅಕ್ಟೋಬರ್ 11ರಂದು, ಶುಕ್ರವಾರ. ನನಗೆ ಶುಕ್ರವಾರ ವಾರದ ರಜೆ, ಹಾಗಾಗಿ ಬೆಳಿಗ್ಗೆಯಿಂದಲೇ ಕೂತೆ. ಇಂದೋರಿನಲ್ಲಿ ಮಧ್ಯಪ್ರದೇಶದ ವಿರುದ್ಧ ನಮ್ಮ ಮೊದಲ ಇನ್ನಿಂಗ್ಸ್ ಮುಗಿಯಲೇ ಇಲ್ಲ. ಒಂದು ಪಾಯಿಂಟು. ಮುಂದಿನ ವಾರ ಬೆಂಗಳೂರಿನ ಆಲೂರಿನಲ್ಲಿ ಕೇರಳ 3 ವಿಕೆಟ್‌ಗೆ 161 ಮಾಡಿತು, ಆಮೇಲೆ ಬರೀ ಮಳೆ. ಮತ್ತೆ ಒಂದು. ಪಾಟ್ನಾದಲ್ಲಿ ಬಿಹಾರವನ್ನು 8 ವಿಕೆಟ್‌ಗಳಿಂದ ಸೋಲಿಸಿದಾಗ ಅಂತೂ 6 ಬಂತು.

ಅದೇ ಹೊತ್ತಿಗೆ ಮುಂಬೈ ತಂಡದ ಕಥೆಯೂ ಚೆನ್ನಾಗಿರಲಿಲ್ಲ. ಹಿಂದಿನ ಸೀಸನ್ನಿನಲ್ಲಷ್ಟೇ 42ನೇ ಸಲ ರಣಜಿ ಗೆದ್ದಿದ್ದ ತಂಡ ಮೊದಲ ಪಂದ್ಯದಲ್ಲೇ ಬರೋಡಾದ ಎದುರು 84 ರನ್‌ಗಳಿಂದ ಸೋತಿತು. ನಾಯಕ ಅಜಿಂಕ್ಯ ರಹಾನೆ. ನಮ್ಮ ಡೊಂಬಿವಲಿಯಲ್ಲಿ ಬೆಳೆದ ಹುಡುಗ. ಕಿಟ್ ಹೊತ್ತು ಲೋಕಲ್ ಟ್ರೈನಿನಲ್ಲಿ ಹೋಗಿ ಕಲಿತವನು. ಅವನ ತಂಡ ಸೋತರೆ ನಮ್ಮ ಬಿಲ್ಡಿಂಗಿಗೆ ಬೇಜಾರು. ನನ್ನ ಮಗನೂ ಅದರಲ್ಲೊಬ್ಬ. ಇಲ್ಲೇ ಹುಟ್ಟಿದವನು, ಅವನಿಗೆ ಮುಂಬೈಯೇ ತಂಡ. "ಅಪ್ಪ, ನಿಮ್ಮೋರು ಮಳೆಯಲ್ಲಿ ಪಾಯಿಂಟು ತಗೊಳ್ತಾರೆ, ನಮ್ಮೋರು ಆಡಿ ಸೋಲ್ತಾರೆ" ಅಂತ ನಗುತ್ತಾನೆ.

'ನಿಮ್ಮೋರು', 'ನಮ್ಮೋರು'... ಒಂದೇ ಮನೆಯಲ್ಲಿ, ಒಂದೇ ಸಾರು ಉಣ್ಣುವವರ ನಡುವೆ!

ಆಡಿ ಸೋತವರು ಆಮೇಲೆ ಎದ್ದರು, ಸೆಮಿಫೈನಲ್ ತನಕ ಹೋದರು. ನಾವು? ನವೆಂಬರಿನಲ್ಲಿ ಬಂಗಾಳದ 301ಕ್ಕೆ 221. ಒಂದು ಪಾಯಿಂಟು. ಲಕ್ನೋದಲ್ಲಿ ಉತ್ತರಪ್ರದೇಶವನ್ನು 89ಕ್ಕೆ ಉರುಳಿಸಿ 275 ಮಾಡಿದಾಗ ಗೆದ್ದೇಬಿಟ್ಟೆವು ಅಂದುಕೊಂಡೆ. ಅವರು ಎರಡನೇ ಸಲ 446 ಹೊಡೆದರು. ಡ್ರಾ, 3 ಪಾಯಿಂಟು. 2025ರ ಜನವರಿಯಲ್ಲಿ ಪಂಜಾಬನ್ನು ಚಿನ್ನಸ್ವಾಮಿಯಲ್ಲಿ 55ಕ್ಕೆ ಔಟ್ ಮಾಡಿ, ಸ್ಮರಣ್ 203 ಹೊಡೆದು, ಇನ್ನಿಂಗ್ಸ್ ಮತ್ತು 207 ರನ್‌ಗಳ ಗೆಲುವು. 7 ಬಂತು. ಕೊನೆಗೆ ಹರಿಯಾಣದ ಎದುರು ಹಿನ್ನಡೆ, ಮತ್ತೆ ಒಂದು. ಒಟ್ಟು 20. ಹರಿಯಾಣ 29, ಕೇರಳ 28. ಅವರಿಬ್ಬರು ಮುಂದೆ, ನಾವು ಮನೆಗೆ.

ಮಳೆಗೆ ಬೈದೆ. ಮಗ ಬಿಡಬೇಕಲ್ಲ, ಕಾಗದ ತಂದು ಕೂತ. ಇಂದೋರಿನಲ್ಲಿ ಲೀಡ್ ಸಿಕ್ಕಿದ್ದರೆ 2 ಹೆಚ್ಚು. ಬಂಗಾಳದ ಮೇಲೂ ಸಿಕ್ಕಿದ್ದರೆ ಇನ್ನೊಂದು 2. ಲಕ್ನೋದಲ್ಲಿ ಗೆದ್ದಿದ್ದರೆ 3. ನನ್ನ 'ಆಗಿದ್ದರೆ'ಗಳೆಲ್ಲ ಸೇರಿ 27. ಕೇರಳದ್ದು 28! ಆ ಉಳಿದ ಒಂದು ಎಲ್ಲಿಯದು ಗೊತ್ತಾ? ಆಲೂರಿನ ಮಳೆಯಲ್ಲಿ ಕೇರಳವೂ ನಾವೂ ಹಂಚಿಕೊಂಡದ್ದೂ ಒಂದೇ ಪಾಯಿಂಟು ನೋಡಿ. ಅಂದರೆ ಮಳೆ ಇಬ್ಬರಿಗೂ ಒಂದೇ ಥರ ಬಂದಿತ್ತು. ಬಿಸಿಲು ಇದ್ದ ದಿನ ಅವರು ಗೆದ್ದರು, ನಾವು ಡ್ರಾ ಮಾಡಿಕೊಂಡೆವು, ಅಷ್ಟೇ. ಅದೇ ಕೇರಳ ಕ್ವಾರ್ಟರ್‌ಫೈನಲ್ಲಿನಲ್ಲಿ 1 ರನ್ ಲೀಡ್, ಸೆಮಿಯಲ್ಲಿ 2 ರನ್ ಲೀಡ್ ಹಿಡಿದುಕೊಂಡು ಮೊದಲ ಬಾರಿ ಫೈನಲ್ ಮುಟ್ಟಿತು.

ಆ ಫೈನಲ್ಲಿನಲ್ಲಿ ಕೇರಳದ ಎದುರು ವಿದರ್ಭದ ಪರ 135 ಹೊಡೆದವನು ಯಾರು? ನಮ್ಮ ಕರುಣ್ ನಾಯರ್. 2015ರಲ್ಲಿ ಇದೇ ವಾಂಖೆಡೆಯಲ್ಲಿ, ತಮಿಳುನಾಡಿನ ಎದುರಿನ ಫೈನಲ್ಲಿನಲ್ಲಿ ಕರ್ನಾಟಕಕ್ಕೆ 328 ಹೊಡೆದವನು. ತನ್ನ ತಂಡದಲ್ಲಿ ಜಾಗ ಸಿಗದೆ ನಾಗಪುರಕ್ಕೆ ಹೋಗಿದ್ದ. ಹೊಟ್ಟೆಪಾಡಿಗೆ ಘಟ್ಟ ಹತ್ತಿದ ನಮ್ಮಂಥವರಿಗೆ ಅದರಲ್ಲಿ ಹೊಸದೇನಿಲ್ಲ ಬಿಡಿ. ಹೋದಲ್ಲಿ ಚೆನ್ನಾಗಿ ದುಡಿದ, ಆ ತಂಡಕ್ಕೆ ಕಪ್ ಕೊಡಿಸಿದ. ಎರಡು ಸೀಸನ್ ಕಳೆದು ವಾಪಸ್ ಬಂದ.

ಅವನು ಬಂದ ಮೇಲಿನ ಮೊದಲ ಪಂದ್ಯ, 2025ರ ಅಕ್ಟೋಬರ್, ರಾಜ್‌ಕೋಟ್. ಕರ್ನಾಟಕ 372. ಸೌರಾಷ್ಟ್ರ 376. ನಾಲ್ಕೇ ನಾಲ್ಕು ರನ್ನಿಗೆ ಎರಡು ಪಾಯಿಂಟು ಹೋಯಿತು! ಮತ್ತೆ ಅದೇ ಹಾಡು ಅಂದುಕೊಂಡೆ. ಮುಂದಿನ ಪಂದ್ಯ ಶಿವಮೊಗ್ಗದಲ್ಲಿ, ಗೋವಾದ ಎದುರು. ಕರುಣ್ ಔಟಾಗದೆ 174. ಲೀಡ್ ಬಂತು, 3 ಪಾಯಿಂಟು.

ಮಗ ಆ ಸ್ಕೋರು ನನಗಿಂತ ಮೊದಲೇ ನೋಡಿದ್ದ. "ಅಪ್ಪ, ನಾಯರ್ ಹೊಡೀತಿದ್ದಾನೆ" ಅಂತ ಸ್ಟೇಷನ್ನಿನಿಂದ ಫೋನು. ಅವನ ತಂಡ ಮುಂಬೈಯೇ, ಬದಲಾಗುವುದೂ ಇಲ್ಲ, ಬದಲಾಗಬೇಕೂ ಇಲ್ಲ. ಆದರೆ ಅಪ್ಪನ ತಂಡ ಎಲ್ಲಿ ಆಡುತ್ತಿದೆ, ಎಷ್ಟು ಪಾಯಿಂಟು ಹಿಂದಿದೆ ಅನ್ನುವುದು ಅವನಿಗೆ ಬಾಯಿಪಾಠ. ನಾಲ್ಕು ದಿನ ಆಡಿ ಲೀಡ್ ತಗೊಂಡರೆ 3 ಪಾಯಿಂಟು ಕೊಡುತ್ತಾರಲ್ಲ, ಹಾಗೆ ಇದನ್ನೂ ಒಂದು ಲೀಡ್ ಅಂತಲೇ ನಾನು ಬರೆದುಕೊಂಡಿದ್ದೇನೆ.