ಮೂರೇ ಬಿಲ್ಲೆ

ಮಳೆಗಾಲದಲ್ಲಿ ಜಲವರ್ಣ ಬರೆಯಲು ಕೂತವರಿಗೆ ಹರಟೆಗೆ ಬೇಕಾದಷ್ಟು ಹೊತ್ತು ಸಿಗುತ್ತದೆ. ಒಂದು ಪದರ ಬಳಿದ ಮೇಲೆ ಅದು ಒಣಗಬೇಕಲ್ಲ? ಆಷಾಢದಲ್ಲಿ ಪಂಚೆಯೇ ಮೂರು ದಿನ ಒಣಗುವುದಿಲ್ಲ, ಇನ್ನು ಕಾಗದದ ಮೇಲಿನ ಆಕಾಶ ಎಲ್ಲಿ ಒಣಗೀತು! ಹಾಗೆ ಕಾಯುತ್ತಾ ಕೂತಿದ್ದಾಗ ಪಕ್ಕದ ಮನೆಯ ಪುಟ್ಟಿ ಬಂದು ನನ್ನ ಡಬ್ಬಿಗೆ ಇಣುಕಿ, "ಮೂರೇ ಬಿಲ್ಲೆನಾ ಅಜ್ಜ? ನನ್ ಹತ್ರ ಇಪ್ಪತ್ನಾಲ್ಕಿದೆ" ಅಂದಳು.

ಇಪ್ಪತ್ನಾಲ್ಕು ಒಳ್ಳೆಯದೇ. ಆದರೆ ನನ್ನ ಮೂರರ ಕಥೆ ಕೇಳಿ. ಅಲ್ಟ್ರಾಮರೀನ್ ನೀಲಿ, ಬರ್ನ್ಟ್ ಸಿಯೆನ್ನಾ, ಗ್ಯಾಂಬೋಜ್ ಹಳದಿ. ಹೆಸರು ಕೇಳಿದರೆ ಮೂವರೂ ಹಡಗಿನಿಂದ ಇಳಿದ ನೆಂಟರು ಅನಿಸುತ್ತದೆ, ಅಲ್ಲವೇ? ನೀಲಿಯಂತೂ ಹಾಗೆಯೇ. ಅಫ್ಘಾನಿಸ್ತಾನದ ಬದಖ್‌ಶಾನದ ಗಣಿಯ ಕಲ್ಲನ್ನು ಅರೆದು ಮಾಡುತ್ತಿದ್ದ ಬಣ್ಣ ಅದು. 'ಕಡಲಾಚೆಯದು' ಎಂದೇ ಯೂರೋಪಿನವರು ಹೆಸರಿಟ್ಟರು. ಅದರ ಬೆಲೆ ತಾಳಲಾರದೆ 1824ರಲ್ಲಿ ಫ್ರಾನ್ಸಿನ ಉದ್ಯಮ ಸಂಘವೊಂದು, ಅಗ್ಗದ ನೀಲಿ ಮಾಡಿಕೊಟ್ಟವರಿಗೆ 6,000 ಫ್ರಾಂಕ್ ಬಹುಮಾನ ಸಾರಿತು. 1828ರಲ್ಲಿ ಗಿಮೆ ಎಂಬಾತ ಅದನ್ನು ಗೆದ್ದ. ಜೇಡಿ, ಸೋಡಾ, ಗಂಧಕ, ಇದ್ದಿಲು ಇವನ್ನು ಕುಲುಮೆಯಲ್ಲಿ ಸುಟ್ಟರೆ ಅದೇ ನೀಲಿ! ಆಮೇಲೆ ಅದು ಎಲ್ಲಿಗೆ ಬಂತು ಗೊತ್ತೇ? ನಮ್ಮ ಬಚ್ಚಲಿಗೆ. ಅಜ್ಜಿ ಚಿಂದಿಬಟ್ಟೆಯಲ್ಲಿ ಗಂಟುಕಟ್ಟಿ, ಬಿಳಿ ಪಂಚೆ ಅದ್ದುವ ಬಕೆಟ್ಟಿನಲ್ಲಿ ಆಡಿಸುತ್ತಿದ್ದ ನೀಲಿ ಇದೇ ಅಲ್ಟ್ರಾಮರೀನು. ಉಳಿದದ್ದನ್ನು ಗೋಡೆಯ ಸುಣ್ಣಕ್ಕೆ ಬೆರೆಸುತ್ತಿದ್ದಳು.

ಸಿಯೆನ್ನಾ ಇಟಲಿಯ ಊರು. ಅಲ್ಲಿಯ ಹಳದಿ ಮಣ್ಣನ್ನು ಹುರಿದರೆ ಅದರೊಳಗಿನ ಕಬ್ಬಿಣದ ಅಂಶ ನೀರು ಬಿಟ್ಟು ಕೆಂಪಾಗುತ್ತದೆ. ಮಂಗಳೂರು ಹಂಚು ಗೂಡಿನಲ್ಲಿ ಕೆಂಪಾಗುವುದೂ ಕಬ್ಬಿಣದಿಂದಲೇ. ಹೀಗಾಗಿ ಹಂಚಿನ ಮಾಡು ಬರೆಯುವಾಗ ನನಗೆ ಬಣ್ಣ ಹುಡುಕುವ ಕೆಲಸವಿಲ್ಲ. ಸುಟ್ಟ ಮಣ್ಣನ್ನು ಸುಟ್ಟ ಮಣ್ಣಿನಲ್ಲೇ ಬರೆಯುತ್ತೇನೆ.

ಇನ್ನು ಗ್ಯಾಂಬೋಜ್. ಕಾಂಬೋಡಿಯಾದ ಹೆಸರು ಹೊತ್ತ ಮರದಂಟು. ಹಿಂದೆ ಅದನ್ನು ಭೇದಿಗೂ ಕೊಡುತ್ತಿದ್ದರಂತೆ, ಕುಂಚದ ತುದಿಯನ್ನು ನಾಲಿಗೆಗೆ ತಾಗಿಸಿ ಚೂಪು ಮಾಡುವವರು ನೆನಪಿಡಿ! ಈಗಿನ ಡಬ್ಬಿಗಳಲ್ಲಿ ಬಹುಪಾಲು ಹೆಸರಷ್ಟೇ ಉಳಿದಿದೆ, ಒಳಗಿರುವುದು ಕಾರ್ಖಾನೆಯ ಹಳದಿ. ಆದರೆ ಅದೇ ಕುಲದ ಮರವೊಂದು ನಮ್ಮ ಮಲೆನಾಡಿನಲ್ಲೂ ಇದೆ: ಗುರಿಗೆ. ದೀವರ ಸಮುದಾಯದ ಹೆಣ್ಣುಮಕ್ಕಳು ಗೋಡೆಯ ಹಸೆ ಚಿತ್ತಾರಕ್ಕೆ ಹಳದಿ ತೆಗೆಯುವುದು ಗುರಿಗೆ ಕಾಯಿಯಿಂದ. ಕೆಮ್ಮಣ್ಣು, ಅಕ್ಕಿಹಿಟ್ಟಿನ ಬಿಳಿ, ಹುರಿದು ಕರಿಮಾಡಿದ ಅಕ್ಕಿಯ ಕಪ್ಪು, ಗುರಿಗೆಯ ಹಳದಿ. ಕುಂಚ ಪುಂಡಿ ನಾರಿನದು. ಮದುವೆಮನೆಯ ಗೋಡೆ ತುಂಬಲು ಅವರಿಗೆ ನಾಲ್ಕೇ ಸಾಕು. ಅಡುಗೆಮನೆಯಿಂದ ಕಾಡಿನ ಅಂಚಿನವರೆಗೆ ನಡೆದು ಬಂದರೆ ಪೂರ್ತಿ ಡಬ್ಬಿ ಸಿದ್ಧ.

ಎಲ್ಲಿದ್ದೆ? ಹಾಂ, ಪುಟ್ಟಿ. "ಹಸಿರು?" ಅಂದಳು. ನೀಲಿಗೆ ಹಳದಿ ಬಿಟ್ಟು ತೋರಿಸಿದೆ, ಗದ್ದೆಯ ಹಸಿರು. ಒಂದು ಹನಿ ಸಿಯೆನ್ನಾ ಸೇರಿಸಿದೆ, ಹಲಸಿನೆಲೆಯ ಹಸಿರು. "ಬಿಳಿ?" ಬಿಳಿ ಕಾಗದದ್ದೇ, ಬೇಕಾದ ಕಡೆ ಬಳಿಯದೆ ಬಿಡಬೇಕು. "ಕಪ್ಪು?" ನೀಲಿಗೂ ಸಿಯೆನ್ನಾಕ್ಕೂ ಮದುವೆ ಮಾಡಿಸಿದೆ, ಕಪ್ಪಿಗೆ ಹತ್ತಿರದ ಬೂದಿ ಬಣ್ಣ ಹುಟ್ಟಿತು.

ಇದೇ ನೋಡಿ, ನಾನು ಇಷ್ಟು ಹೊತ್ತು ಸುತ್ತಿ ಬಂದದ್ದು ಈ ಬೂದಿಗೆ. ನೀಲಿ ಹೆಚ್ಚಾದರೆ ಮಳೆ ಬರುವ ಮುಂಚಿನ ಮೋಡ, ಸಿಯೆನ್ನಾ ಹೆಚ್ಚಾದರೆ ನೆನೆದ ಕಂಬದ ಮರ, ಸಮಸಮ ಬೆರೆತರೆ ಬಂಡೆ. ನೀರು ಒಣಗುವಾಗ ನೀಲಿಯ ಕಣಗಳು ಒರಟು ಕಾಗದದ ಕುಳಿಗಳಲ್ಲಿ ಹೋಗಿ ಕೂರುತ್ತವೆ. ಬೂದಿಯೊಳಗೆ ಅಲ್ಲಲ್ಲಿ ನೀಲಿ ಚುಕ್ಕಿ ಮಿನುಗುತ್ತದೆ. ಡಬ್ಬಿಯಲ್ಲಿ ಸಿಗುವ ಕಪ್ಪು ಎಂದಾದರೂ ಹೀಗೆ ಉಸಿರಾಡಿದ್ದುಂಟೇ? ಮೇಲಾಗಿ ಮಾಡಿನ ಕೆಂಪು, ಮೋಡದ ಬೂದಿ, ಎಲೆಯ ಹಸಿರು ಎಲ್ಲವೂ ಅದೇ ಮೂವರಿಂದಲೇ ಹುಟ್ಟುವುದರಿಂದ ಚಿತ್ರದಲ್ಲಿ ಯಾರೂ ಯಾರಿಗೂ ಪರಕೀಯರಲ್ಲ, ಒಂದೇ ಒಲೆಯ ಊಟ ಉಂಡವರ ಹಾಗೆ ಇರುತ್ತಾರೆ.

ಪುಟ್ಟಿ ಇದನ್ನೆಲ್ಲ ಕೇಳಿಸಿಕೊಂಡಳೋ ಇಲ್ಲವೋ. ನನ್ನ ಆಕಾಶದ ಮೂಲೆಗೆ ಮೆಲ್ಲಗೆ ಬೆರಳಿಟ್ಟು, ಬೂದಿ ಅಂಟಿದ ತುದಿಯನ್ನು ನನಗೆ ತೋರಿಸಿದಳು. ಇನ್ನೂ ಹಸಿ. ಇಬ್ಬರೂ ಮತ್ತೆ ಜಗಲಿಯ ಅಂಚಿಗೆ ಹೋಗಿ ಕೂತೆವು.